ಎರಡರಲ್ಲೊಂದು

ಫಾರಂನ ಏಳನೆಯ ಪ್ರಶ್ನೆಗೆ ಬಂದಾಗ ಅವನ ಪೆನ್ನು ನಿಂತುಬಿಟ್ಟಿತು. 'ಕಳೆದ ಮೂರು ತಿಂಗಳಲ್ಲಿ ವೈದ್ಯರು ಹೇಳಿದ ಮಾತ್ರೆಗಳನ್ನು ತಪ್ಪಿಸಿದ್ದೀರಾ? ಹೌದು. ಇಲ್ಲ.' ಎರಡು ಪದಗಳ ಪಕ್ಕದಲ್ಲೂ ಒಂದೊಂದು ಚೌಕ, ಒಂದೇ ಅಳತೆಯವು. ಹೌದಿಗೂ ಇಲ್ಲಕ್ಕೂ ಇಲ್ಲಿ ಭೇದವಿಲ್ಲ, ಬನ್ನಿ ಎಂದು ಕರೆಯುತ್ತಿರುವಂತಿದ್ದವು. ತಪ್ಪಿಸುವುದು ಎಂದರೇನು, ಎಂದು ಅವನು ಯೋಚಿಸಿದ. ತಪ್ಪಿಸುವುದು ಬೇರೆ, ಕಮ್ಮಿ ಮಾಡುವುದು ಬೇರೆ. ಶಾಲೆ ತಪ್ಪಿಸುವ ಹುಡುಗನೂ ಮಧ್ಯಾಹ್ನದ ಮೇಲೆ ಮನೆಗೆ ಬರುವ ಹುಡುಗನೂ ಒಂದೇ ಏನು? ಆಸ್ಪತ್ರೆಯ ಬೆಂಚಿನಲ್ಲಿ ಅವನ ಎಡಕ್ಕೆ ಅಕ್ಕ, ಬಲಕ್ಕೆ ಹೆಂಡತಿ. ಮೂರು ವಾರದಿಂದ ಪರಸ್ಪರ ಮಾತು ಬಿಟ್ಟಿದ್ದ ಇಬ್ಬರೂ ಅವನನ್ನು ಕಾಂಪೌಂಡು ಗೋಡೆಯಂತೆ ನಡುವೆ ಕೂರಿಸಿಕೊಂಡಿದ್ದರು. ಅಕ್ಕ ಕನ್ನಡಕ ಏರಿಸಿ ಫಾರಂನೊಳಗೆ ಇಣುಕಿದಳು. "ಏನೋ ಗುಂಡ, ಅಷ್ಟು ಹೊತ್ತು ಏನು ಯೋಚನೆ? ಇಲ್ಲ ಅಂತ ಹಾಕೋ. ಅದೂ ಒಂದು ಪ್ರಶ್ನೆನಾ?" ಅವನು 'ಇಲ್ಲ'ದ ಪಕ್ಕದ ಚೌಕದೊಳಗೆ ಗೀಟು ಎಳೆದ. ಗೀಟು ಎಷ್ಟು ನೇರವಾಗಿ, ಎಷ್ಟು ಸೊಗಸಾಗಿ ಬಂತೆಂದರೆ ಅದನ್ನು ನೋಡಿ ಅವನಿಗೇ ಹೆದರಿಕೆಯಾಯಿತು. ಗೊತ್ತಿದ್ದವರಿಗೆ ಆ ಗೀಟೊಂದೇ ಸಾಕ್ಷಿ ಸಾಕಾಗಿತ್ತು. ಹೇಳಿದಷ್ಟು ಮಾತ್ರೆ ತಗೊಂಡವನ ಕೈ ಅಷ್ಟು ನೇರವಾಗಿ ಗೀಟು ಎಳೆಯಲಾರದು.

ಮೂರು ವರ್ಷದ ಹಿಂದೆ ಅವನ ಎರಡೂ ಕಿಡ್ನಿಗಳು ಕೈಕೊಟ್ಟಾಗ, ಯಾರು ಕೊಡುತ್ತಾರೆ ಎಂಬ ಮಾತು ಇನ್ನೂ ಮನೆಯೊಳಗೆ ಪಿಸುಪಿಸು ಆಗುತ್ತಿರುವಾಗಲೇ, ಅಕ್ಕ ಬಾಗಿಲಲ್ಲಿ ಚಪ್ಪಲಿ ಬಿಡುತ್ತ "ನನ್ನ ಹತ್ರ ಎರಡಿದೆ, ಒಂದು ತಗೋ. ಬಾಯಿ ಒಂದೇ ಇರೋದು, ಅದನ್ನ ಮಾತ್ರ ಕೊಡೋಕಾಗಲ್ಲ" ಅಂದಿದ್ದಳು. ಮೂವತ್ತೊಂದು ವರ್ಷ ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಗಾಡಿಗಳ ಹೊತ್ತು ಹೇಳುತ್ತಿದ್ದವಳು ಅವಳು. ಅವಧಿಗೆ ಮುಂಚೆಯೇ ನಿವೃತ್ತಿಯಾದ ಮೇಲೂ ಆ ಗಂಟಲು ನಿವೃತ್ತಿಯಾಗಿರಲಿಲ್ಲ. ಅಡುಗೆಮನೆಯಿಂದ ಚಹಾ ಆಯಿತು ಎಂದರೂ ಯಾವುದೋ ಗಾಡಿ ನಲವತ್ತು ನಿಮಿಷ ತಡವಾಗಿ ಬರುತ್ತಿದೆ ಅನ್ನಿಸುತ್ತಿತ್ತು. ಗುಂಡ ಎನ್ನುವ ಹೆಸರೂ ಅವಳೇ ಇಟ್ಟಿದ್ದು. ಹುಟ್ಟಿದಾಗಿನಿಂದ ಕಡ್ಡಿಯಂತಿದ್ದವನಿಗೆ ಯಾಕೆ ಆ ಹೆಸರೋ ಯಾರಿಗೂ ಗೊತ್ತಿರಲಿಲ್ಲ. ಆಪರೇಷನ್ ಆದ ಮೇಲೆ ಔಷಧಿಗೆ ಮುಖ ಊದಿಕೊಂಡು ಚಂದ್ರನಂತಾದಾಗ, ನಲವತ್ತೆಂಟು ವರ್ಷ ಕಾದ ಹೆಸರು ಕೊನೆಗೂ ಸಾರ್ಥಕವಾಯಿತು. ಅಂದಿನಿಂದ ಅಕ್ಕ ದಿನಾ ಬೆಳಿಗ್ಗೆ ಏಳೂವರೆಗೆ ಫೋನು ಮಾಡಿ "ಹೇಗಿದಾಳೆ?" ಅನ್ನುತ್ತಿದ್ದಳು. ಮೊದಮೊದಲು ಅವನು ಹೆಂಡತಿಯ ಬಗ್ಗೆ ಕೇಳುತ್ತಿದ್ದಾಳೆಂದು ತಿಳಿದು "ಸ್ನಾನಕ್ಕೆ ಹೋಗಿದಾಳೆ" ಅನ್ನುತ್ತಿದ್ದ. "ನಿನ್ನ ಹೆಂಡ್ತಿ ಅಲ್ಲ ಕಣೋ, ನನ್ನದು! ನೀರು ಕುಡಿಸಿದ್ಯಾ?" ಅವನು ಹೊಟ್ಟೆಯ ಬಲಭಾಗದಲ್ಲಿ, ಬೆಲ್ಟಿನ ಮೇಲೆ, ಕೈಯಿಟ್ಟು ಹ್ಞೂಂ ಅನ್ನುತ್ತಿದ್ದ. ಬೆನ್ನಿನ ಕಡೆ ಅವನ ಸ್ವಂತದ್ದೆರಡು, ಪಿಂಚಣಿಯೂ ಇಲ್ಲದ ಮುದಿ ಗುಮಾಸ್ತರಂತೆ, ಹಾಗೇ ಉಳಿದುಕೊಂಡಿದ್ದವು. ಎಲ್ಲ ಸೇರಿ ತನ್ನೊಳಗೆ ಮೂರಿವೆ, ಕೆಲಸ ಮಾಡುವುದು ತನ್ನದಲ್ಲದ್ದು ಒಂದೇ, ಎಂದು ಯೋಚಿಸುವಾಗ ಅವನಿಗೆ, ಮೂವರಿದ್ದರೂ ಒಬ್ಬನೇ ದುಡಿಯುವ, ತಾನು ಕೆಲಸ ಮಾಡುವ ಬೇಕರಿ ನೆನಪಾಗುತ್ತಿತ್ತು.

ಬೇಕರಿಯಲ್ಲಿ ಅವನದು ಕೇಕಿನ ಮೇಲೆ ಹೆಸರು ಬರೆಯುವ ಕೆಲಸ. ಕೆನೆ ತುಂಬಿದ ಕೊಳವೆಯನ್ನು ಬಲಗೈಯಲ್ಲಿ ಹಿಂಡುತ್ತ, ಎಡಗೈಯಲ್ಲಿ ಅದರ ಮೂತಿ ತಿರುಗಿಸುತ್ತ, ಉಸಿರು ಹಿಡಿದು ಬರೆಯುವುದು. ಇಪ್ಪತ್ತಾರು ವರ್ಷ ಆ ಊರಿನ ಎಷ್ಟೋ ಮಕ್ಕಳ ಹೆಸರನ್ನು ಅವರ ಮೇಷ್ಟರಿಗಿಂತ ಮೊದಲು ಅವನೇ ಬರೆದಿದ್ದ. ಆಪರೇಷನ್ ಆಗಿ ನಾಲ್ಕು ತಿಂಗಳಿಗೆ ಮತ್ತೆ ಮೇಜಿನ ಮುಂದೆ ನಿಂತಾಗ ಕೊಳವೆಯ ಮೂತಿ ಗಾಳಿಯಲ್ಲಿ ಸಣ್ಣಗೆ ಕುಣಿಯುತ್ತಿತ್ತು. ಕಿಡ್ನಿಯನ್ನು ಮೈ ಹೊರಗಟ್ಟದಂತೆ ತಡೆಯುವ ಮಾತ್ರೆ ಅದು, ಬೆಳಿಗ್ಗೆ ಎರಡು, ಸಂಜೆ ಎರಡು. ಅದರ ಜೊತೆಗೆ ನಡುಕ ಉಚಿತ. 'ಶುಭಾಶಯ'ದ ಭಕಾರದ ಹೊಟ್ಟೆ ಸೀಳಬೇಕಾದ ಗೆರೆ ಜಾರಿ ಪಕ್ಕದ ಗುಲಾಬಿಯನ್ನು ಸೀಳಿತು. ಗಿರಾಕಿಯೊಬ್ಬ ಡಬ್ಬಿಯ ಮುಚ್ಚಳ ತೆಗೆದು ಬಹಳ ಹೊತ್ತು ನೋಡಿ, "ಏನ್ರೀ ಇದು, ನನ್ನ ಮಗಳ ಹೆಸರೋ ಇಸಿಜಿಯೋ?" ಅಂದ. ಸಾಲಿನಲ್ಲಿ ನಿಂತಿದ್ದವರೆಲ್ಲ ನಕ್ಕರು. ಅವನೂ ನಕ್ಕ, ಅವನದೇ ಜೋರು ನಗು. ಬೇಕರಿಯ ಮಾಲೀಕ ಒಳ್ಳೆಯವನು, ಅದೇ ತೊಂದರೆ. ಬೈಯಲಿಲ್ಲ. ಹೆಗಲ ಮೇಲೆ ಕೈಯಿಟ್ಟು, "ಸ್ವಲ್ಪ ದಿನ ಡಬ್ಬಿಗೆ ದಾರ ಕಟ್ಟೋದು ನೋಡ್ಕೊಳ್ಳಿ, ಅದೂ ಮುಖ್ಯವಾದ ಕೆಲಸವೇ" ಅಂದ. ದಾರ ಕಟ್ಟುವುದು ಮುಖ್ಯವಾದ ಕೆಲಸವಾಗಿದ್ದರೆ ಅದನ್ನು ಹಾಗೆ ಹೇಳಬೇಕಾಗಿರಲಿಲ್ಲ. ಎರಡು ವರ್ಷ ಅವನು ದಾರ ಕಟ್ಟಿದ. ಅವನ ಮೇಜಿನಲ್ಲಿ ಬೇರೊಬ್ಬ ನಿಂತು ಎಲ್ಲರ ಹೆಸರನ್ನೂ ಒಂದೇ ಥರ, ಸತ್ತ ಹಲ್ಲಿಗಳನ್ನು ಸಾಲಾಗಿ ಮಲಗಿಸಿದ ಹಾಗೆ, ಬರೆಯುತ್ತಿದ್ದ. ಡಾಕ್ಟರಿಗೆ ಹೇಳಬಹುದಿತ್ತು. ಪ್ರತಿ ಸಲ ಹೋದಾಗಲೂ "ಏನಾದ್ರೂ ತೊಂದರೆ?" ಎಂದು ಆಕೆ ಕೇಳುತ್ತಿದ್ದಳು, ಪಕ್ಕದಲ್ಲಿ ಅಕ್ಕ ಕೂತಿರುತ್ತಿದ್ದಳು, ಅವನು "ಏನಿಲ್ಲ" ಅನ್ನುತ್ತಿದ್ದ. ಅಕ್ಕ ತನ್ನ ಹೊಟ್ಟೆ ಕೊಯ್ಸಿಕೊಂಡು ಕೊಟ್ಟಿದ್ದಾಳೆ, ಇವನು ಕೆನೆಯಲ್ಲಿ ಗೆರೆ ನೇರವಾಗಿ ಬರುತ್ತಿಲ್ಲ ಎಂದು ದೂರುವುದೆ? ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಿದ ಹಾಗಾಗುವುದಿಲ್ಲವೆ?

ಹಾಗಾಗಿ ಅವನು ಹಲ್ಲು ಎಣಿಸಲಿಲ್ಲ, ಮಾತ್ರೆ ಎಣಿಸಿದ. ಒಂದು ಬೆಳಿಗ್ಗೆ ಎರಡರ ಬದಲು ಒಂದು ನುಂಗಿ, ಇನ್ನೊಂದನ್ನು ಹಳೆಯ ಕೊಡೆಯ ಮಡಿಕೆಯೊಳಗೆ ಬಿಟ್ಟ. ಸಂಜೆಯದೂ ಹಾಗೇ. ವಾರದೊಳಗೆ ಕೈ ಶಾಂತವಾಯಿತು. ಹದಿನೈದು ದಿನಕ್ಕೆ ಮಾಲೀಕ ಅವನ ಮೇಜನ್ನು ಅವನಿಗೇ ಕೊಟ್ಟ. ಆ ದಿನ ಬರೆದ ಹೆಸರಿನ ಬಾಲವನ್ನು ಬೇಕಿಲ್ಲದಿದ್ದರೂ ಎರಡು ಸುತ್ತು ಸುತ್ತಿಸಿ ಅವನು ಮನೆಗೆ ಶಿಳ್ಳೆ ಹಾಕುತ್ತ ಹೋಗಿದ್ದ. ರಕ್ತದಲ್ಲಿ ಔಷಧಿ ಎಷ್ಟಿದೆಯೆಂದು ತಿಂಗಳಿಗೊಮ್ಮೆ ನೋಡುತ್ತಾರೆ. ಅದಕ್ಕೆ ಮುಂಚಿನ ಮೂರು ದಿನ, ಪರೀಕ್ಷೆಯ ಹಿಂದಿನ ರಾತ್ರಿ ಓದುವ ದಡ್ಡನಂತೆ, ಪೂರ್ತಿ ನುಂಗಿ, 'ತಲೆನೋವು' ಎಂದು ರಜಾ ಹಾಕುತ್ತಿದ್ದ. ಔಷಧಿಯ ಅಂಕಿಯೇನೋ ಪಾಸಾಯಿತು. ಆದರೆ ಏರಿದಷ್ಟೂ ಕಿಡ್ನಿ ಕೆಡುತ್ತಿದೆಯೆಂದು ಹೇಳುವ ಇನ್ನೊಂದು ಅಂಕಿ, ಒಂದೂಕಾಲರ ಸುಮಾರಿಗೆ ಮೂರು ವರ್ಷ ತೆಪ್ಪಗೆ ಕೂತಿದ್ದದ್ದು, ಒಂದೂವರೆಯಾಯಿತು, ಆಮೇಲೆ ಒಂದು ಪಾಯಿಂಟ್ ಒಂಬತ್ತಾಯಿತು. ಮನೆಯಲ್ಲಿ ಯುದ್ಧ ಶುರುವಾದದ್ದು ಆಗ. ಅಕ್ಕ ಬಂದು ಸಾರಿನ ರುಚಿ ನೋಡಿ, "ಉಪ್ಪು! ಉಪ್ಪಿನಿಂದಲೇ ಕೊಲ್ತಿದೀರಾ ನನ್ನ ಕಿಡ್ನಿನ" ಎಂದು ಇಡೀ ಬೀದಿಗೆ ಪ್ರಕಟಿಸಿದಳು. ಅವನ ಹೆಂಡತಿ ಕಾಲೇಜೊಂದರ ರಸಾಯನ ಪ್ರಯೋಗಾಲಯದಲ್ಲಿ ಸಹಾಯಕಿ. ಗ್ರಾಂನ ನೂರನೆಯ ಒಂದು ಭಾಗ ಹೆಚ್ಚುಕಮ್ಮಿಯಾದರೆ ನಿದ್ದೆ ಬಾರದವಳು. ಮೂರು ವರ್ಷದಿಂದ ಅವನ ಉಪ್ಪನ್ನು ತಕ್ಕಡಿಯಲ್ಲಿ ತೂಗಿ ಹಾಕುತ್ತಿದ್ದಳು. ಅವಳು ಒಂದಿಷ್ಟೂ ದನಿ ಏರಿಸದೆ, "ಉಪ್ಪು ಸರಿಯಾಗಿದೆ ಅತ್ತಿಗೆ. ಕಿಡ್ನಿಗೇ ಐವತ್ತೇಳಾಯ್ತಲ್ಲ, ಅದನ್ನೂ ನೋಡ್ಬೇಕು" ಅಂದಳು. ಅಲ್ಲಿಗೆ ಇಬ್ಬರ ನಡುವಿನ ಮಾತು ಮುಗಿಯಿತು. ಮಾರನೆಯ ದಿನದಿಂದ ಹೆಂಡತಿ ಹಟಕ್ಕೆ ಬಿದ್ದು ಉಪ್ಪನ್ನೇ ನಿಲ್ಲಿಸಿದಳು. ಮೂರು ವಾರ ಗಂಡಹೆಂಡಿರು ಎದುರುಬದುರು ಕೂತು ಒದ್ದೆ ಕಾಗದದಂತಹ ಊಟ ಉಂಡರು. ಪ್ರತಿ ತುತ್ತಿಗೂ ಅವನು 'ಈಗ ಹೇಳ್ತೀನಿ' ಅಂದುಕೊಳ್ಳುತ್ತಿದ್ದ, ಪ್ರತಿ ತುತ್ತನ್ನೂ ಮಾತಿನ ಸಮೇತ ನುಂಗುತ್ತಿದ್ದ. ಉಪ್ಪಿಲ್ಲದ್ದನ್ನು ನುಂಗುವುದು ಅಷ್ಟು ಕಷ್ಟವೇನಲ್ಲ, ಅಭ್ಯಾಸವಾಗುತ್ತದೆ.

"ನಿಮ್ಮ ಹೆಸರು ಕರೆದ್ರು" ಎಂದು ಹೆಂಡತಿ ಮೊಣಕೈಯಲ್ಲಿ ತಿವಿದಳು. ಕಿಡ್ನಿ ಡಾಕ್ಟರು ಗಿಡ್ಡ ಹೆಂಗಸು. ಕುರ್ಚಿಯಲ್ಲಿ ಕೂತರೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ, ಮಾತಾಡುವಾಗ ಅವನ್ನು ಶಾಲೆಯ ಹುಡುಗಿಯಂತೆ ಆಡಿಸುತ್ತಿದ್ದಳು. "ಹೀಗೆ ಅಂಕಿ ಏರಿದ್ರೆ ಸಾಮಾನ್ಯವಾಗಿ ಸೂಜಿ ಹಾಕಿ ಕಿಡ್ನಿಯಿಂದ ಒಂದು ಚೂರು ತೆಗೆದು ನೋಡ್ತೀವಿ. ಇಲ್ಲಿ ಒಂದು ಅಧ್ಯಯನ ನಡೀತಿದೆ, ಮೊದಲು ಚಿತ್ರ ತೆಗೆದು ನೋಡೋಣ ಅಂತ. ಸಕ್ಕರೆಗೆ ಚೂರು ವಿಕಿರಣ ಸೇರಿಸಿ ರಕ್ತಕ್ಕೆ ಬಿಡ್ತೀವಿ. ಮೈಯೊಳಗಿನ ಕಾವಲಿನ ಕಣಗಳು ಆ ಕಿಡ್ನಿನ ಹೊರಗಿನದು ಅಂತ ಗುರುತು ಹಿಡಿದು ಮೇಲೆ ಬಿದ್ದಿದ್ರೆ, ಜಗಳದಲ್ಲಿ ಅವಕ್ಕೆ ಹಸಿವು ಜಾಸ್ತಿ. ಸಕ್ಕರೆ ಎಳ್ಕೋತವೆ. ಎಳ್ಕೊಂಡ ಜಾಗ ಹೊಳೆಯುತ್ತೆ. ಹೊಳೆಯದಿದ್ರೆ ಸೂಜಿಯ ಗೋಜಿಲ್ಲ. ಹೊಳೆದ್ರೆ ಮಾತ್ರ ಸೂಜಿ ಹಾಕಿ ಖಾತ್ರಿ ಮಾಡ್ಕೋಬೇಕು." ಅಕ್ಕನಿಗೆ ಅನುಮಾನ. "ಸಕ್ಕರೆನಾ? ಇವನು ಬೇಕರಿಯವನು ಡಾಕ್ಟ್ರೇ, ಅಲ್ಲೇ ನೆಕ್ಕಿ ನೆಕ್ಕಿ ಒಳಗೆಲ್ಲ ಹೊಳೀತಿರ್ಬೇಕು." "ಅದಕ್ಕೇ ರಾತ್ರಿಯಿಂದ ಉಪವಾಸ ಇಟ್ಟಿರೋದು" ಅಂದಳು ಡಾಕ್ಟರು. ಆಮೇಲೆ ಫಾರಂ ತಿರುವಿ ಏಳನೆಯ ಪ್ರಶ್ನೆಯ ಗೀಟಿನ ಮೇಲೆ ಅರೆಕ್ಷಣ ಬೆರಳು ನಿಲ್ಲಿಸಿ, "ಮಾತ್ರೆ ಸರಿಯಾಗಿ ತಗೋತಿದೀರಿ, ಅಲ್ವಾ?" ಅಂದಳು. ಅವನು ಬಾಯಿ ತೆರೆದ. "ತಗೋತಾನೆ, ತಗೋತಾನೆ. ಆ ವಿಷಯದಲ್ಲಿ ಅಪ್ಪಟ ಚಿನ್ನ" ಅಂದಳು ಅಕ್ಕ. ಅವನು ಬಾಯಿ ಮುಚ್ಚಿದ.

ಚುಚ್ಚಿದ ಮೇಲೆ ಒಂದು ಗಂಟೆ ಒಬ್ಬನೇ ಕೂರಬೇಕು. ದಪ್ಪ ಗೋಡೆಯ ಪುಟ್ಟ ಕೋಣೆ, ಒರಗು ಕುರ್ಚಿ, ಮೂಲೆಯಲ್ಲಿ ಕ್ಯಾಮೆರಾದ ಕಣ್ಣು. ಸ್ಕ್ಯಾನಿನ ತಂತ್ರಜ್ಞ, ಜೋಲು ಮೀಸೆಯ ಮನುಷ್ಯ, ಬಾಗಿಲಾಚೆಯಿಂದಲೇ ತಲೆ ತೂರಿಸಿ ಹೇಳಿದ: "ಮಾತಾಡ್ಬೇಡಿ, ಓದ್ಬೇಡಿ, ಫೋನ್ ನೋಡ್ಬೇಡಿ, ಕೈಕಾಲು ಆಡಿಸ್ಬೇಡಿ. ಯಾವ ಮಾಂಸಖಂಡ ಕೆಲಸ ಮಾಡಿದ್ರೂ ಸಕ್ಕರೆ ಅಲ್ಲಿಗೆ ಹೋಗ್ಬಿಡುತ್ತೆ." ಯೋಚನೆ ಮಾಡಬಹುದೆ ಎಂದು ಕೇಳಬೇಕೆನ್ನಿಸಿತು, ಕೇಳಿದರೆ ಮಾತಾಡಿದಂತಾಗುತ್ತದೆ. ಮಿದುಳೂ ಸಕ್ಕರೆ ತಿನ್ನುತ್ತದೆಂದು ಹೆಂಡತಿ ಯಾವಾಗಲೋ ಹೇಳಿದ್ದಳು. ಹಾಗಾದರೆ ತನ್ನ ಸುಳ್ಳೆಲ್ಲ ತಲೆಯೊಳಗೆ ಈಗ ಸಣ್ಣಗೆ ಬೆಳಗುತ್ತಿರಬಹುದು. ಯೋಚಿಸದಿರಲು ಗೋಡೆ ನೋಡಿದ. ಗೋಡೆಯ ಬಣ್ಣ ಕೆನೆಯದು. ಮನಸ್ಸಿನಲ್ಲೇ ಅದರ ಮೇಲೆ ಅಕ್ಕನ ಹೆಸರು ಬರೆದ, ಬಾಲ ಸುತ್ತಿಸಿದ, ಅಳಿಸಿದ. ಆಪರೇಷನ್ನಿನ ಮಾರನೆಯ ದಿನ ಅಕ್ಕನನ್ನು ಗಾಲಿಕುರ್ಚಿಯಲ್ಲಿ ಅವನ ಹಾಸಿಗೆಯ ಹತ್ತಿರ ತಂದಾಗ ಅವಳ ಮುಖ ಬೂದಿಯ ಬಣ್ಣಕ್ಕಿತ್ತು, ಗಂಟಲಿನಿಂದ ಸದ್ದೇ ಹೊರಡುತ್ತಿರಲಿಲ್ಲ. ಅವಳು ಹಾಸಿಗೆಯ ಕೆಳಗೆ ತೂಗಿದ್ದ ಚೀಲದ ಕಡೆ ನೋಡಿದಳು. ಅದರಲ್ಲಿ ಅವನ ಮೂತ್ರ ಹನಿಹನಿಯಾಗಿ ತುಂಬುತ್ತಿತ್ತು, ಎಷ್ಟೋ ತಿಂಗಳ ಮೇಲೆ ಮೊದಲ ಸಲ. ಅದನ್ನು ನೋಡುತ್ತ ಅವಳು ಮುಸುಮುಸು ಅತ್ತಿದ್ದಳು. ಚೀಲವೊಂದನ್ನು ನೋಡಿ ಹಾಗೆ ಅತ್ತವಳಿಗೆ ಪ್ರತಿಯಾಗಿ ತಾನು ಕೊಡೆಯ ಮಡಿಕೆಯಲ್ಲಿ ಮಾತ್ರೆ ಕೂಡಿಟ್ಟಿದ್ದೇನೆ. ಯಾತಕ್ಕೆ? ಯಾರೋ ಕೊಯ್ದು ತಿಂದುಬಿಡುವ ಅಕ್ಷರಕ್ಕೆ. ಇಲ್ಲ, ಅಷ್ಟೇ ಅಲ್ಲ, ಎಂದು ಅವನು ತನ್ನೊಂದಿಗೇ ವಾದಕ್ಕಿಳಿದ: ಎರಡು ವರ್ಷ ತನ್ನನ್ನು ಎಲ್ಲರೂ 'ಕಿಡ್ನಿ ಹಾಕಿಸಿಕೊಂಡವನು' ಎಂದರು, ಅದಕ್ಕೂ ಮುಂಚೆ ತಾನೊಬ್ಬ ಏನೋ ಆಗಿದ್ದೆನಲ್ಲ. ಅಷ್ಟರಲ್ಲಿ ಎಡಗಾಲಿನ ಹೆಬ್ಬೆರಳು ತುರಿಸತೊಡಗಿತು. ನಲವತ್ತು ನಿಮಿಷ ಪಶ್ಚಾತ್ತಾಪಕ್ಕೆ ಜಾಗವಿಲ್ಲದಂತೆ ಆ ಹೆಬ್ಬೆರಳೇ ಅವನನ್ನು ಆಳಿತು.

ಯಂತ್ರದ ಹಲಗೆಯ ಮೇಲೆ ಮಲಗಿಸಿ, ಎರಡೂ ಕೈಯನ್ನು ತಲೆಯ ಮೇಲೆ ಎತ್ತಿಸಿದರು, ಶರಣಾದವನಂತೆ. ಹಲಗೆ ಒಳಗೆ ಸರಿಯುವ ಮುಂಚೆ ಗಾಜಿನಾಚೆ ತಂತ್ರಜ್ಞನ ಕೋಣೆ ಕಾಣಿಸಿತು. ಅಲ್ಲಿ ಅವನ ಹೆಗಲ ಹಿಂದೆ ಇನ್ನೆರಡು ತಲೆಗಳಿದ್ದವು. ಅಕ್ಕ "ನನ್ನ ಕಿಡ್ನಿ, ನಾನು ನೋಡ್ಬಾರ್ದಾ?" ಎಂದು ನುಗ್ಗಿರಬೇಕು. ಅವಳು ನುಗ್ಗಿದ ಮೇಲೆ ಹೆಂಡತಿ ಹೊರಗೆ ಉಳಿಯುವವಳಲ್ಲ. ಅವನು ಅವರನ್ನು ನೋಡಿದನೆ, ಅಥವಾ ಗಾಜಿನ ಹೊಳಪಿನಲ್ಲಿ ಏನೋ ಎರಡು ಕಪ್ಪು ಕಂಡಿತೆ ಎಂಬುದು ಆಮೇಲೆ ಎಷ್ಟು ಯೋಚಿಸಿದರೂ ಅವನಿಗೇ ಇತ್ಯರ್ಥವಾಗಲಿಲ್ಲ. ಸ್ವಲ್ಪ ಹೊತ್ತು ಯಂತ್ರ ಗುಂಯ್‌ಗುಟ್ಟಿತು. ತಲೆಯ ಹತ್ತಿರದ ಸ್ಪೀಕರಿನಿಂದ ತಂತ್ರಜ್ಞನ ದನಿ ಬಂತು: "ಆರಾಮಾಗಿದೀರಾ?"

"ಸಾರ್, ಒಂದು ಮಾತು."

"ಅಲ್ಲಾಡ್ಬೇಡಿ."

"ಅಲ್ಲಾಡದೆ ಕೇಳ್ತೀನಿ. ಒಬ್ಬ ಮನುಷ್ಯ ಇದಾನೆ ಅಂದ್ಕೊಳ್ಳಿ. ಎರಡು ಮಾತ್ರೆ ತಗೋಬೇಕಾದ ಕಡೆ ಒಂದೇ ತಗೋತಿದ್ದ ಅಂದ್ಕೊಳ್ಳಿ. ಅದು ಈ ಚಿತ್ರದಲ್ಲಿ ಗೊತ್ತಾಗುತ್ತಾ?"

ಸ್ಪೀಕರಿನೊಳಗಿಂದ, ಎರಡನೆಯ ಪ್ಲಾಟ್‌ಫಾರಂನಿಂದ ಮೊದಲನೆಯದಕ್ಕೆ ಬದಲಾದ ಗಾಡಿಯ ವಿಷಯ ಹೇಳುವ ಸ್ಪಷ್ಟತೆಯಲ್ಲಿ, ಅಕ್ಕನ ದನಿ ಬಂತು. "ಯಾರು ಆ ಮನುಷ್ಯ?"

"...ನಾನೇ ಅಕ್ಕ."

"ಎಷ್ಟು ದಿನದಿಂದ?"

"ಮೂರು ತಿಂಗಳು."

"ಮತ್ತೆ ಉಪ್ಪು?"

"ಉಪ್ಪು ಸರಿಯಾಗೇ ಇತ್ತು."

ಅಮ್ಮಾ ಮೈಕು ಕೊಡಿ ಎಂದು ತಂತ್ರಜ್ಞ ಹಿಂದಿನಿಂದ ಗೋಗರೆಯುವುದು ಕೇಳಿಸಿತು. ಮೂವತ್ತೊಂದು ವರ್ಷ ಮೈಕು ಹಿಡಿದವಳ ಕೈಯಿಂದ ಅದನ್ನು ಬಿಡಿಸಿಕೊಳ್ಳಲು ಅವನ ಕೈಲಾಗಲಿಲ್ಲ. ಕೊನೆಗೆ ಬಿಡಿಸಿಕೊಂಡವಳು ಹೆಂಡತಿ. ಅವಳು ಬೈಯಲಿಲ್ಲ. ಅವಳ ಬುದ್ಧಿ ಮೊದಲು ಹೋದದ್ದು ವಿಧಾನಕ್ಕೆ. "ರಕ್ತಪರೀಕ್ಷೆಲಿ ಹೇಗೆ ಸಿಕ್ಕಿಬೀಳಲಿಲ್ಲ?"

"ಅದಕ್ಕೆ ಮುಂಚೆ ಮೂರು ದಿನ ಪೂರ್ತಿ ತಗೋತಿದ್ದೆ."

"ನಮ್ಮ ಕಾಲೇಜು ಹುಡುಗರೂ ಹೀಗೇ" ಅಂದಳು ಅವಳು, ಬಹಳ ದಣಿದ ದನಿಯಲ್ಲಿ. "ಉತ್ತರ ಮೊದಲು ಬರ್ಕೊಂಡು, ಆಮೇಲೆ ಪ್ರಯೋಗ ಮಾಡ್ತಾರೆ." ಆಮೇಲೆ, "ಮೂರು ವಾರ ಸಪ್ಪೆ ಊಟ ಮಾಡಿದ್ರಲ್ರೀ, ಎದುರಿಗೆ ಕೂತ್ಕೊಂಡು" ಅಂದಳು. ಅದಾದ ಮೇಲೆ ದನಿ ತಂತ್ರಜ್ಞನದೇ: "ಇನ್ನು ಹನ್ನೆರಡು ನಿಮಿಷ ಯಾರೂ ಮಾತಾಡಕೂಡ್ದು. ಅವರ ಹೊಟ್ಟೆ ಅಲ್ಲಾಡ್ತಿದೆ, ಚಿತ್ರ ಕೆಡುತ್ತೆ." ಅವನ ಹೊಟ್ಟೆ ಅಲ್ಲಾಡುತ್ತಿದ್ದದ್ದು ನಿಜ. ಎರಡೂ ಕೈ ತಲೆಯ ಮೇಲಿದ್ದುದರಿಂದ ಕಣ್ಣು ಒರೆಸಿಕೊಳ್ಳಲೂ ಆಗದೆ, ನೀರು ಕಿವಿಯೊಳಗೆ ಇಳಿದು ಕಚಗುಳಿಯಿಡುತ್ತಿತ್ತು.

ಹೊರಗೆ ಬಂದಾಗ ತಂತ್ರಜ್ಞ, ಸಕ್ಕರೆಯ ವಿಕಿರಣ ಇಳಿಯುವ ತನಕ ಒಂದೆರಡು ಗಂಟೆ ಮನೆಯವರು ಅವನಿಂದ ಎರಡು ಮಾರು ದೂರ ಇದ್ದರೆ ಒಳ್ಳೆಯದು ಎಂದ. ಹೇಳಬೇಕಾಗಿಯೇ ಇರಲಿಲ್ಲ. ಅವನು ಬೆಂಚಿನ ಒಂದು ತುದಿಯಲ್ಲಿ ಕೂತ. ಇನ್ನೊಂದು ತುದಿಯಲ್ಲಿ ಇದ್ದ ಸ್ವಲ್ಪ ಜಾಗದಲ್ಲಿ ಅಕ್ಕನೂ ಹೆಂಡತಿಯೂ ಒತ್ತಿಕೊಂಡು ಕೂತರು, ಮೂರು ವಾರದ ಮೇಲೆ ಮೊದಲ ಸಲ. ಡಾಕ್ಟರು ಚಿತ್ರ ತೋರಿಸಿದಳು: ಬೂದು ಬಣ್ಣದ ಮೈಯೊಳಗೆ ತಲೆ, ಹೃದಯ ಬೆಳಗುತ್ತಿದ್ದವು, ಮೂತ್ರದ ಚೀಲ ದೀಪದಂತೆ ಉರಿಯುತ್ತಿತ್ತು, ಅವೆಲ್ಲ ಸಹಜವಂತೆ. ಬಲಗಡೆ ಕೆಳಗೆ, ಹೊರ ಅಂಚಿನಲ್ಲಿ, ಇರಬಾರದ ಕಡೆ ಒಂದು ಮಂಕು ಹೊಳಪಿತ್ತು. "ಜಗಳ ಶುರುವಾಗಿರೋ ಹಾಗಿದೆ. ನಾಳೆ ಸೂಜಿ ಹಾಕಿ ಖಾತ್ರಿ ಮಾಡ್ಕೊಳ್ಳೋಣ." ಎಲ್ಲವನ್ನೂ ಕೇಳಿದ ಮೇಲೆ ಅವಳ ಕಾಲು ಆಡುವುದು ನಿಂತಿತು. "ಕೈ ನಡುಗುತ್ತೆ ಅಂತ ಒಂದು ಸಲ ಹೇಳಿದ್ರೆ ಸಾಕಿತ್ತು. ಇದೇ ಔಷಧಿ ಇನ್ನೊಂದು ಥರದ್ದು ಬರುತ್ತೆ, ದಿನಕ್ಕೆ ಒಂದು ಸಲ. ಅದರಲ್ಲಿ ತುಂಬ ಜನಕ್ಕೆ ನಡುಕ ಕಮ್ಮಿ." ಅವನು ಅವಳನ್ನೇ ನೋಡಿದ. ಮೂರು ತಿಂಗಳು ತಾನು ಹೊತ್ತು ತಿರುಗಿದ ಮಹಾಪಾಪಕ್ಕೆ ಇಷ್ಟು ಸಣ್ಣ ಪರಿಹಾರವಿತ್ತೆಂಬುದು, ಪಾಪಕ್ಕಿಂತ ಹೆಚ್ಚು ಅವಮಾನವಾಗಿ ಕಂಡಿತು.

ಮಾರನೆಯ ಬೆಳಿಗ್ಗೆ ಸೂಜಿ ಹಾಕಿದರು. ಅದಾದ ಮೇಲೆ ರಕ್ತ ಒಸರದಂತೆ ಹೊಟ್ಟೆಯ ಮೇಲೆ ಮರಳಿನ ಚೀಲ ಹೇರಿ, ಆರು ಗಂಟೆ ಅಂಗಾತ ಮಲಗಿರಬೇಕು, ಕೆಮ್ಮಕೂಡದು, ಏಳಕೂಡದು ಎಂದಳು ದಾದಿ. ಜಗಳ ನಡೆದಿರುವುದು ಖಾತ್ರಿಯಾಗಿ, ಮೂರು ದಿನ ಡ್ರಿಪ್ಪಿನಲ್ಲಿ ಔಷಧಿ ಹೋಗಿ, ಅಂಕಿ ಇಳಿಯುತ್ತ ಬಂದು ಒಂದೂವರೆಯಲ್ಲಿ ನಿಂತುಬಿಡುವುದು, ಮೊದಲಿನ ಒಂದೂಕಾಲಿಗೆ ಇನ್ನೆಂದೂ ಮರಳದಿರುವುದು, "ಹೋದದ್ದು ಹೋಯ್ತು, ಉಳಿದದ್ದನ್ನ ಕಾಪಾಡ್ಕೊಳ್ಳಿ" ಎಂದು ಡಾಕ್ಟರು ಹೇಳುವುದು, ಇವೆಲ್ಲ ಇನ್ನೂ ಮುಂದಿದ್ದವು. ಈಗ ಅವನ ಮಂಚದ ಒಂದು ಕಡೆ ಅಕ್ಕ, ಇನ್ನೊಂದು ಕಡೆ ಹೆಂಡತಿ. ಅವನು ಕಣ್ಣು ಮುಚ್ಚಿ ಬೈಗುಳಕ್ಕೆ ಕಾದ. ಮೂರು ತಿಂಗಳು ಕಾದದ್ದು ಇದಕ್ಕೇ. ಬರಲಿ, ಬಂದು ಮುಗಿಯಲಿ. ಆದರೆ ಅವನನ್ನು ಯಾರೂ ಕೇಳಲಿಲ್ಲ. ಅವರು ಅವನ ಮೇಲಿನಿಂದ, ಊಟದ ಮೇಜಿನ ಮೇಲಿನಿಂದ ಮಾತಾಡುವಂತೆ, ತಮ್ಮತಮ್ಮಲ್ಲಿ ಮಾತಾಡತೊಡಗಿದರು.

"ನೀನು ತೂಗಿ ಹಾಕ್ತಿದ್ದೆ ಅಂತ ನಂಗೆ ಗೊತ್ತಿತ್ತು ಕಣೇ" ಅಂದಳು ಅಕ್ಕ. "ಆದ್ರೆ ಇವನ ಮೇಲೆ ಅನುಮಾನ ಪಡೋದು ಹೇಗೆ? ಯಾರ ಮೇಲಾದ್ರೂ ಪಡಬೇಕಿತ್ತಲ್ಲ, ನಿನ್ನ ಮೇಲೆ ಪಟ್ಟೆ."

"ನಾನೂ ನಿಮ್ಮ ಕಿಡ್ನಿಗೆ ವಯಸ್ಸಾಯ್ತು ಅಂದೆ."

"ಆಗಿದೆ ತಾನೇ. ಸುಳ್ಳೇನು ಹೇಳಿದೆ." ಅಕ್ಕ ಕುರ್ಚಿ ಹತ್ತಿರ ಎಳೆದುಕೊಂಡಳು. "ಇವನು ಚಿಕ್ಕಂದಿನಿಂದ್ಲೂ ಹೀಗೇ. ಹಲ್ಲುಜ್ಜು ಅಂದ್ರೆ ಬ್ರಷ್ಷು ಒದ್ದೆ ಮಾಡಿ ಇಟ್ಬಿಡೋನು. ನಮ್ಮಮ್ಮ ಬ್ರಷ್ಷು ಮುಟ್ಟಿ ನೋಡಿ ಖುಷಿಯಾಗೋಳು. ಒಂದಿನ ನಾನು ಪೇಸ್ಟಿನ ಟ್ಯೂಬನ್ನ ಬೀರುವಲ್ಲಿಟ್ಟು ಬೀಗ ಹಾಕಿದೆ. ಹಲ್ಲುಜ್ಜಿದ್ಯೇನೋ ಅಂದ್ರೆ, ಹ್ಞೂಂ ಅಕ್ಕಾ, ನೊರೆ ಚೆನ್ನಾಗಿ ಬಂತು ಅಂದ!"

ಹೆಂಡತಿ ತುಟಿ ಕಚ್ಚಿದಳು. "ಮದುವೆ ಗೊತ್ತಾದಾಗ ನನ್ನ ಹಾಡು ಕೇಳಿ, ಇಷ್ಟು ಚೆನ್ನಾಗಿ ಹಾಡೋರನ್ನ ನೋಡೇ ಇಲ್ಲ ಅಂದಿದ್ರು. ಹದಿನೆಂಟು ವರ್ಷ ನಂಬಿದ್ದೆ ಅತ್ತಿಗೆ. ಹೋದ ವರ್ಷ ನಾನು ಹಾಡೋದನ್ನ ಫೋನಲ್ಲಿ ರೆಕಾರ್ಡ್ ಮಾಡಿ ಕೇಳಿದೆ."

"ಅಯ್ಯೋ ಹೇಗಿತ್ತೇ?"

"ಕಾಲೇಜಲ್ಲಿ ಆಮ್ಲದ ಸೀಸೆ ಬಿದ್ರೆ ಸೈರನ್ ಹೊಡೀತಾರಲ್ಲ..."

ಅಕ್ಕನ ನಗು ವಾರ್ಡಿನ ಆ ತುದಿಯ ತನಕ ಹೋಯಿತು. ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅವನು ಹಲ್ಲು ಕಚ್ಚಿದ, ಚಾವಣಿಯ ಫ್ಯಾನಿನ ರೆಕ್ಕೆ ಎಣಿಸಿದ, ಸತ್ತವರನ್ನು ನೆನೆಸಿಕೊಂಡ. ಏನೂ ನಡೆಯಲಿಲ್ಲ, ನಗು ಮರಳಿನ ಚೀಲದ ಕೆಳಗಿನಿಂದ ನೂಕಿಕೊಂಡು ಬಂತು. ಅದರೊಂದಿಗೇ ಹೊಟ್ಟೆಯ ಬಲಭಾಗದಲ್ಲಿ ಚಳುಕ್ಕೆಂದಿತು. ಅವನು ಬೆಚ್ಚಿದ. ಮೂರು ವರ್ಷದಲ್ಲಿ ಅಲ್ಲಿ ಅವನಿಗೆ ಏನೂ ಅನ್ನಿಸಿರಲಿಲ್ಲ, ನೋವಿರಲಿಲ್ಲ, ಭಾರವಿರಲಿಲ್ಲ. ಅಂಕಿಗಳಲ್ಲಿ ಮಾತ್ರ ಇದ್ದ ಒಂದು ಸುದ್ದಿಯಾಗಿತ್ತು ಅದು. ಈಗ ನೋಯುತ್ತಿತ್ತು, ತನ್ನ ಮೈ ನೋಯುವ ಹಾಗೆಯೇ.

ದಾದಿ ಓಡಿ ಬಂದಳು. "ಯಾರು ಇವರನ್ನ ನಗಿಸಿದ್ದು? ರಕ್ತ ಬಂದ್ರೆ ಯಾರು ಜವಾಬ್ದಾರಿ? ನಗಿಸೋರೆಲ್ಲ ಹೊರಗೆ ನಡೀರಿ." ಒಬ್ಬರಾದರೂ ಇರುತ್ತೇವೆಂದು ಬೇಡಿಕೊಳ್ಳಬಹುದು ಎಂದು ಅವನು ಕಾದ. ಇಬ್ಬರೂ ತಟ್ಟನೆ ಎದ್ದರು. "ಬಾರೇ, ಬಿಸಿಯಾಗಿ ಏನಾದ್ರೂ ಕುಡಿಯೋಣ. ನೀನು ಆ ಸೈರನ್ ವಿಷಯ ಪೂರ್ತಿ ಹೇಳಲಿಲ್ಲ" ಎನ್ನುತ್ತ ಅಕ್ಕ ಹೆಂಡತಿಯ ತೋಳು ಹಿಡಿದಳು. ಬಾಗಿಲಲ್ಲಿ ಒಮ್ಮೆ ತಿರುಗಿ, ಅವನ ಮುಖವನ್ನಲ್ಲ, ಮರಳಿನ ಚೀಲವನ್ನು ನೋಡಿದಳು, ಸರಿಯಾಗಿ ಕೂತಿದೆಯೆ ಎಂದು. ಆಮೇಲೆ ಹೋದಳು. ಉದ್ದನೆಯ ಓಣಿಯಲ್ಲಿ ಇಬ್ಬರ ನಗುವೂ ದೂರ ಸರಿಯುತ್ತ, ತಿರುವಿನಲ್ಲಿ ಮತ್ತೊಮ್ಮೆ ಜೋರಾಗಿ, ಇಲ್ಲವಾಯಿತು. ಕ್ಷಮಿಸಿ ಎಂದು ಅವನು ಹೇಳಿರಲಿಲ್ಲ, ಕ್ಷಮಿಸಿದ್ದೇವೆಂದು ಅವರೂ ಹೇಳಿರಲಿಲ್ಲ. ಅವರು ಬಂದ ಮೇಲೆ ಹೇಳಬೇಕೆಂದು ಅವನು ವಾಕ್ಯ ಜೋಡಿಸತೊಡಗಿದ. ದಾದಿ ಚೀಲವನ್ನು ಸ್ವಲ್ಪ ಒತ್ತಿ ಕೂರಿಸಿ, ಗಡಿಯಾರ ನೋಡಿ, ಇನ್ನೂ ನಾಲ್ಕು ಗಂಟೆ ಹತ್ತು ನಿಮಿಷ ಅಲ್ಲಾಡುವಂತಿಲ್ಲ ಅಂದಳು.